ತಲೆಗೆ ಬಿದ್ದ ಪೆಟ್ಟಿಗೆ ಸೊಂಟದಲ್ಲಿ ರಕ್ತ ಹೇಗೆ ಬಂತು?

ಹೇಮಾವತಿ ತೀರ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ, ಹಾಸನ ಜಿಲ್ಲೆಯ ನಮ್ಮೂರಿನ ಕಬಡ್ಡಿ ತಂಡದಲ್ಲಿ ರೈಡರ್. ಎರಡು ವಾರದ ಹಿಂದೆ ಪಕ್ಕದೂರಿನ ಜಾತ್ರೆಯಲ್ಲಿ ನಡೆದ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ, ರೈಡ್ ಮುಗಿಸಿ ನಡುಗೆರೆಯ ಕಡೆಗೆ ತಿರುಗುತ್ತಿದ್ದವನನ್ನು ಎದುರಾಳಿ ತಂಡದ ಒಬ್ಬರು ಓಡಿಬಂದು ಡ್ಯಾಶ್ ಮಾಡಿ ಅಂಕಣದ ಹೊರಗೆ ತಳ್ಳಿದರು. ಅದು ಆಟದ ನಿಯಮಕ್ಕೆ ಒಳಪಟ್ಟ ಹಿಡಿತವೇ ಆಗಿದ್ದುದರಿಂದ ಅವರ ಮೇಲೆ ನಮಗೆ ಯಾವ ದೂರೂ ಇಲ್ಲ. ಆದರೆ ಮ್ಯಾಟ್ ಮುಗಿದಲ್ಲಿಂದ ಆಚೆಗೆ ಶಾಲಾ ಮೈದಾನದ ಗಟ್ಟಿ ನೆಲವಿತ್ತು, ಅವನ ತಲೆಯ ಹಿಂಭಾಗ ನೇರವಾಗಿ ಅಲ್ಲಿಗೇ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ತಲೆಗೆ ನೀರು ಹಾಕಿಸಿಕೊಂಡು, ವಿರಾಮದ ಐದು ನಿಮಿಷ ಕುಳಿತಿದ್ದು, ದ್ವಿತೀಯಾರ್ಧವನ್ನೂ ಆಡಿ ಬಂದ.

ಮನೆಗೆ ಬಂದ ಮೇಲೆ ತಲೆನೋವು ಶುರುವಾಯಿತು. ಮೂರನೆಯ ದಿನ ಎರಡು ಸಲ ವಾಂತಿಯಾದ ಮೇಲೆ ನಾನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಮಿದುಳಿನ ಎರಡೂ ಬದಿಯಲ್ಲಿ ತೆಳುವಾದ ಸಬ್‌ಡ್ಯೂರಲ್ (ಮಿದುಳಿನ ಹೊರಪೊರೆಯ ಕೆಳಗಿನ) ರಕ್ತಸ್ರಾವವಿದೆ, ದಪ್ಪವಿದ್ದ ಕಡೆಯಲ್ಲಿ ಅದು 5 ಮಿಲಿಮೀಟರ್, ಮಿದುಳು ಪಕ್ಕಕ್ಕೆ ಸರಿದಿಲ್ಲ ಎಂದು ವರದಿ ಬಂತು. ಎರಡು ದಿನ ದಾಖಲಿಸಿಕೊಂಡು, ಇನ್ನೊಂದು ಸ್ಕ್ಯಾನ್ ಮಾಡಿ, ಹೆಚ್ಚಾಗಿಲ್ಲವೆಂದು ನೋಡಿಕೊಂಡು, ಫಿಟ್ಸ್ ಬಾರದಂತೆ ಒಂದು ಮಾತ್ರೆಯನ್ನೂ ಪ್ಯಾರಾಸಿಟಮಾಲ್ ಅನ್ನೂ ಬರೆದುಕೊಟ್ಟು ಕಳುಹಿಸಿದರು. ತಲೆನೋವು ದಿನೇ ದಿನೇ ಇಳಿಯುತ್ತಿತ್ತು.

ನಮಗೆ ಅರ್ಥವಾಗದ ಸಂಗತಿ ಶುರುವಾದದ್ದು ಎಂಟನೆಯ ದಿನ. ಬೆಳಿಗ್ಗೆ ಎದ್ದವನಿಗೆ ಸೊಂಟದಲ್ಲಿ ವಿಪರೀತ ನೋವು. ನೋವು ಎರಡೂ ತೊಡೆಗಳ ಹಿಂಭಾಗದಲ್ಲಿ ಮೊಣಕಾಲಿನವರೆಗೆ ಇಳಿಯುತ್ತಿತ್ತು, ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಬಿದ್ದಾಗ ನರ ಹಿಡಿದುಕೊಂಡಿರಬೇಕು ಎಂದುಕೊಂಡು ಊರಿನ ಕ್ಲಿನಿಕ್ಕೊಂದರಲ್ಲಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಚುಚ್ಚುಮದ್ದು ಹಾಕಿಸಿದೆವು. ತಲೆಯ ವಿಷಯವನ್ನು ಅಲ್ಲಿ ಹೇಳಬೇಕೆಂದು ನಮಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ನೋವು ಕಡಿಮೆಯಾಗದೆ ಹನ್ನೊಂದನೆಯ ದಿನ ಮತ್ತೆ ನರಶಸ್ತ್ರಚಿಕಿತ್ಸಕರ ಬಳಿಗೆ ಹೋದಾಗ ಅವರು ಬೆನ್ನಿನ ಎಂ.ಆರ್.ಐ. ಮಾಡಿಸಿದರು. ಎಲ್ 3ರಿಂದ ಎಸ್ 2ರವರೆಗೆ, ಅಂದರೆ ಸೊಂಟದ ಮೂರನೆಯ ಬೆನ್ನುಮೂಳೆಯಿಂದ ಅದರ ಕೆಳಗಿನ ತ್ರಿಕಾಸ್ಥಿಯ ಎರಡನೆಯ ಮಟ್ಟದವರೆಗೆ, ಸಬ್‌ಡ್ಯೂರಲ್ ರಕ್ತ ಇದೆ, ಮೂಳೆ ಮುರಿದಿಲ್ಲ, ಈಗ ಶಸ್ತ್ರಚಿಕಿತ್ಸೆ ಬೇಡ, ಕಾದು ನೋಡೋಣ ಎಂದಿದ್ದಾರೆ.

ಅವನ ಬೆನ್ನಿಗೆ ಪೆಟ್ಟೇ ಬಿದ್ದಿರಲಿಲ್ಲ. ಹಾಗಾದರೆ ಅಲ್ಲಿಗೆ ರಕ್ತ ಬಂದದ್ದು ಎಲ್ಲಿಂದ? ನಾನು ಬೈಕಿನಲ್ಲಿ ಕರೆದುಕೊಂಡು ಹೋದದ್ದೋ ಆ ಚುಚ್ಚುಮದ್ದೋ ಇದಕ್ಕೆ ಕಾರಣವಾಗಿರಬಹುದೇ? ಬೆನ್ನಿನಲ್ಲಿ ರಕ್ತವಿರುವಾಗ ಕಾದು ನೋಡುವುದು ಸರಿಯೇ? ವೈದ್ಯರು ಸಹನೆಯಿಂದಲೇ ಹೇಳಿದರು. ಆದರೆ ಆ ಹತ್ತು ನಿಮಿಷದಲ್ಲಿ ನಮಗೆ ಕೇಳಲು ಬಾಯಿಯೇ ಬರಲಿಲ್ಲ.

ನಿಧಾನಿ ಬರೆದ ಉತ್ತರ:

ನಾನು ಸರ್ಕಾರಿ ವೈದ್ಯಕೀಯ ಕಾಲೇಜೊಂದರ ನರಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕಲಿಯುತ್ತಿರುವವನು. ನಿಮ್ಮ ತಮ್ಮನನ್ನು ನೋಡಿದ ವೈದ್ಯರ ಮಾತೇ ಕೊನೆಯ ಮಾತು; ಅದನ್ನು ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಮಿದುಳನ್ನೂ ಬೆನ್ನುಹುರಿಯನ್ನೂ ಮೂರು ಪೊರೆಗಳು ಸುತ್ತಿಕೊಂಡಿರುತ್ತವೆ. ಹೊರಗಿನದು ಡ್ಯೂರಾ, ಚರ್ಮದ ಹಾಗೆ ದಪ್ಪ ಮತ್ತು ಗಟ್ಟಿ. ಅದರ ಒಳಮೈಗೆ ಅಂಟಿಕೊಂಡಂತೆ ಇರುವುದು ಅರಾಕ್ನಾಯ್ಡ್, ಜೇಡರ ಬಲೆಯಷ್ಟು ನವಿರು. ಎಲ್ಲಕ್ಕಿಂತ ಒಳಗೆ, ಮಿದುಳಿಗೇ ಮೆತ್ತಿಕೊಂಡಿರುವುದು ಪಯಾ. ರಕ್ತ ಯಾವ ಪೊರೆಯ ಆಚೆ ಈಚೆ ನಿಂತಿದೆ ಎಂಬುದರ ಮೇಲೆ ಕಾಯಿಲೆಯ ಹೆಸರು, ವೇಗ, ಚಿಕಿತ್ಸೆ ಎಲ್ಲವೂ ನಿರ್ಧಾರವಾಗುತ್ತವೆ. ತಲೆಬುರುಡೆಗೂ ಡ್ಯೂರಾಕ್ಕೂ ನಡುವೆ ನಿಂತರೆ ಎಕ್ಸ್‌ಟ್ರಾಡ್ಯೂರಲ್. ಅದು ಬಹುತೇಕ ಅಪಧಮನಿಯಿಂದ ಚಿಮ್ಮುವ ರಕ್ತವಾದ್ದರಿಂದ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಲ್ಲದು. ಡ್ಯೂರಾಕ್ಕೂ ಅರಾಕ್ನಾಯ್ಡಿಗೂ ನಡುವೆ ನಿಂತರೆ ಸಬ್‌ಡ್ಯೂರಲ್, ಅಂದರೆ ನಿಮ್ಮ ತಮ್ಮನಿಗೆ ಆಗಿರುವುದು. ಅರಾಕ್ನಾಯ್ಡಿನ ಒಳಗೆ, ಮಿದುಳು ತೇಲುತ್ತಿರುವ ನೀರಿನಲ್ಲಿ ಬೆರೆತರೆ ಸಬ್‌ಅರಾಕ್ನಾಯ್ಡ್.

ತಲೆ ವೇಗದಿಂದ ಹೋಗಿ ನೆಲಕ್ಕೆ ಬಡಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ, ಆದರೆ ಒಳಗಿನ ಮಿದುಳು ಒಂದು ಕ್ಷಣ ಮುಂದುವರಿದು ಜಾರುತ್ತದೆ. ಮಿದುಳಿನ ಮೇಲ್ಮೈಯಿಂದ ಡ್ಯೂರಾದ ಕಡೆಗೆ ಸೇತುವೆಯ ಹಾಗೆ ದಾಟುವ ಸಣ್ಣ ಅಭಿಧಮನಿಗಳು ಆಗ ಜಗ್ಗಿ ಹರಿಯುತ್ತವೆ. ಅಭಿಧಮನಿಯ ರಕ್ತಕ್ಕೆ ಒತ್ತಡ ಕಡಿಮೆ, ಆದ್ದರಿಂದ ಅದು ನಿಧಾನವಾಗಿ ಜಿನುಗುತ್ತದೆ. ಅವನು ದ್ವಿತೀಯಾರ್ಧ ಆಡಲು ಸಾಧ್ಯವಾದದ್ದಕ್ಕೂ, ವಾಂತಿಯಾಗಲು ಮೂರು ದಿನ ಹಿಡಿದದ್ದಕ್ಕೂ ಇದು ಕಾರಣವಿರಬಹುದು.

ಈಗ ಸೊಂಟದ ವಿಷಯಕ್ಕೆ ಬರೋಣ. ಬುರುಡೆಯ ತಳದಲ್ಲಿ ಬೆನ್ನುಹುರಿ ಹೊರಗೆ ಬರುವ ದೊಡ್ಡ ರಂಧ್ರವೊಂದಿದೆ. ಅದರ ಅಂಚಿಗೆ ಡ್ಯೂರಾ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹೀಗಾಗಿ ಬುರುಡೆಯ ಎಕ್ಸ್‌ಟ್ರಾಡ್ಯೂರಲ್ ರಕ್ತ ಆ ದಾರಿಯಲ್ಲಿ ಕೆಳಗೆ ಇಳಿಯಲಾರದು. ಆದರೆ ಡ್ಯೂರಾದ ಒಳಮೈಗೆ ಅಂಥ ತಡೆಯಿಲ್ಲ. ತಲೆಯ ಸಬ್‌ಡ್ಯೂರಲ್ ಪದರ ಬೆನ್ನಿನ ಪದರದೊಂದಿಗೆ ಮುಂದುವರಿದು, ಸುಮಾರು ಎಸ್ 2 ಮಟ್ಟದಲ್ಲಿ ಚೀಲದ ತಳದ ಹಾಗೆ ಮುಗಿಯುತ್ತದೆ. ಮೊದಲ ದಿನಗಳಲ್ಲಿ ಹೆಪ್ಪಾಗಿದ್ದ ರಕ್ತ ಕ್ರಮೇಣ ಕರಗಿ ತೆಳ್ಳಗಾದ ಮೇಲೆ, ಮಲಗಿದ್ದವನು ಎದ್ದು ಓಡಾಡಲು ತೊಡಗಿದಾಗ ಅದು ಜಾರಿ ಚೀಲದ ತಳಕ್ಕೆ ಬಂದು ನಿಲ್ಲುತ್ತದೆ. ಬೆನ್ನಿಗೆ ಏಟು ಬೀಳದೆಯೂ ತಲೆಯ ಪೆಟ್ಟಿನ ಕೆಲವು ದಿನಗಳ ನಂತರ ಸೊಂಟನೋವು ಬರುವುದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಇದು. ಬೆನ್ನಿನ ಸಬ್‌ಡ್ಯೂರಲ್ ಪದರದಲ್ಲಿ ತಲೆಯಲ್ಲಿರುವಂಥ ಸೇತುವೆಯ ಅಭಿಧಮನಿಗಳು ಇಲ್ಲದಿರುವುದು ಈ ವಾದಕ್ಕೆ ಬಲ ಕೊಡುತ್ತದೆ. ಬೆನ್ನಿನಲ್ಲೇ ಹೊಸದಾಗಿ ರಕ್ತ ಒಸರಬಹುದೆಂಬ ವಾದವೂ ಇದೆ, ಆದರೆ ತಲೆನೋವು ಇಳಿಯುತ್ತಿರುವಾಗಲೇ ಸೊಂಟದಲ್ಲಿ ನೋವು ಕಾಣಿಸಿಕೊಂಡ ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಮೊದಲನೆಯದೇ ಸರಿಹೊಂದುವಂತೆ ಕಾಣುತ್ತದೆ.

ಆದ್ದರಿಂದ ಬೈಕಿನ ಬಗ್ಗೆ ಮನಸ್ಸಿನಲ್ಲಿ ಕೊರಗಬೇಡಿ. ಅವನು ಮನೆಯಲ್ಲಿ ಎದ್ದು ಓಡಾಡಿದ್ದರೂ ರಕ್ತ ಇಳಿಯುತ್ತಿತ್ತು. ವಾಂತಿ ಮಾಡುತ್ತಿರುವ, ತಲೆಗೆ ಪೆಟ್ಟಾದವನನ್ನು ಬೈಕಿನ ಹಿಂದೆ ಕೂರಿಸುವುದು ಮಾತ್ರ ಅಪಾಯದ ಕೆಲಸ, ಏಕೆಂದರೆ ದಾರಿಯಲ್ಲಿ ಮಂಪರು ಕವಿದರೆ ಅವನು ಹಿಡಿತ ಬಿಡುತ್ತಾನೆ. 108ಕ್ಕೆ ಕರೆ ಮಾಡಬೇಕಿತ್ತು.

ಚುಚ್ಚುಮದ್ದು ಇದಕ್ಕೆ ಕಾರಣವಲ್ಲ. ನೋವು ಮೊದಲು ಬಂದದ್ದು, ಮದ್ದು ಆಮೇಲೆ. ಆದರೂ ಅದು ಬೇಡವಾಗಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಇವೆಲ್ಲ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಕೆಲಸವನ್ನು ಮಂದಗೊಳಿಸುತ್ತವೆ. ಡೈಕ್ಲೋಫೆನಾಕಿನ ಪ್ರಭಾವ ಬೇಗ ಇಳಿದುಹೋಗುತ್ತದೆ, ಆಸ್ಪಿರಿನ್ನಿನದು ಏಳರಿಂದ ಹತ್ತು ದಿನ ಉಳಿಯುತ್ತದೆ. ಮಿದುಳಿನಲ್ಲಿ ರಕ್ತವಿರುವವರಿಗೆ ನೋವಿಗೆ ಪ್ಯಾರಾಸಿಟಮಾಲ್ ಬರೆಯುವುದು ಈ ಕಾರಣಕ್ಕೇ. ಇನ್ನು ಮುಂದೆ ಯಾವ ಕ್ಲಿನಿಕ್ಕಿಗೆ ಹೋದರೂ ಬಾಯಿ ಬಿಟ್ಟು ಹೇಳುವ ಮೊದಲ ವಾಕ್ಯ ಅವನ ತಲೆಯ ಸ್ಕ್ಯಾನಿನದಾಗಿರಲಿ.

ಒಂದು ಗುಕ್ಕು ಕಾಫಿ ಬರೆದ ಉತ್ತರ:

ವೈದ್ಯರು ಕಾದು ನೋಡೋಣ ಎಂದದ್ದನ್ನು ಓದಿ ನನಗೆ ಭಯವಾಗುತ್ತಿದೆ. ನಮ್ಮ ಚಿಕ್ಕಪ್ಪನಿಗೆ ಬೆನ್ನಿನಲ್ಲಿ ರಕ್ತಸ್ರಾವವಾದಾಗ ರಾತ್ರಿ ಎರಡು ಗಂಟೆಗೆ ಆಪರೇಷನ್ ಮಾಡಿದರು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಜೀವನಪರ್ಯಂತ ಹಾಸಿಗೆ ಹಿಡಿಯುತ್ತಿದ್ದರು ಎಂದು ಹೇಳಿದ್ದರು. ಅವರು ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬೆನ್ನಿನಲ್ಲಿ ರಕ್ತ ಎಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೆಗೆಸಿಬಿಡಿ ಎಂದೇ ನನ್ನ ಸಲಹೆ.

ನಿಧಾನಿ ಬರೆದ ಉತ್ತರ:

ನಿಮ್ಮ ಚಿಕ್ಕಪ್ಪನವರಿಗೆ ಆ ರಾತ್ರಿ ಮಾಡಿದ್ದು ಸರಿಯಾದದ್ದೇ. ಆದರೆ ಎರಡೂ ಒಂದೇ ಕಾಯಿಲೆಯಲ್ಲ. ಅವರಿಗೆ ಆದದ್ದು ಬಹುಶಃ ಡ್ಯೂರಾದ ಹೊರಗೆ, ಬೆನ್ನುಮೂಳೆಯ ಕೊಳವೆಯೊಳಗೆ ರಕ್ತ ತುಂಬುವ ಎಪಿಡ್ಯೂರಲ್ ರಕ್ತಸ್ರಾವ. ಅದು ಹೆಚ್ಚಾಗಿ ಕತ್ತು ಅಥವಾ ಎದೆಯ ಮಟ್ಟದಲ್ಲಿ ಬೆನ್ನುಹುರಿಯನ್ನೇ ಒತ್ತುತ್ತದೆ. ಇದ್ದಕ್ಕಿದ್ದಂತೆ ಕತ್ತಿಗೋ ಬೆನ್ನಿಗೋ ಚೂರಿ ಹಾಕಿದಂಥ ನೋವು ಬಂದು, ಸ್ವಲ್ಪ ಹೊತ್ತಿನಲ್ಲೇ ಕೈಕಾಲು ಸೋಲತೊಡಗುತ್ತದೆ. ಅಲ್ಲಿ ಗಂಟೆಗಳ ಲೆಕ್ಕವೇ ಲೆಕ್ಕ.

ನಿಮ್ಮ ತಮ್ಮನಿಗೆ ರಕ್ತ ನಿಂತಿರುವುದು ಎಲ್ 3ರಿಂದ ಕೆಳಗೆ, ಹೇಮಾವತಿ ತೀರ ಅವರೇ. ದೊಡ್ಡವರಲ್ಲಿ ಬೆನ್ನುಹುರಿ ಎಲ್ 1, ಎಲ್ 2ರ ಹೊತ್ತಿಗೆ ಮುಗಿದುಹೋಗಿರುತ್ತದೆ. ಅದರಿಂದ ಕೆಳಗೆ ಚೀಲದೊಳಗೆ ಜೋಲಾಡುವುದು ನರಗಳ ಕುಚ್ಚು. ವೈದ್ಯರ ಲ್ಯಾಟಿನ್ನಿನಲ್ಲೂ ಅದರ ಹೆಸರು ಕುದುರೆಯ ಬಾಲವೆಂದೇ. ಬಾಲದ ಎಳೆಗಳಿಗೆ ಸರಿದುಕೊಳ್ಳಲು ಜಾಗವಿದೆ, ಬೆನ್ನುಹುರಿಗೆ ಅಷ್ಟಿಲ್ಲ. ರಕ್ತ ಆ ಎಳೆಗಳನ್ನು ಕೆರಳಿಸುವುದರಿಂದ ಸಯಾಟಿಕಾದಂಥ ನೋವು ಎರಡೂ ತೊಡೆಗಳಿಗೆ ಇಳಿಯುತ್ತದೆ, ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರೆ ಹೆಚ್ಚುತ್ತದೆ. ಬಲ, ಸ್ಪರ್ಶ, ಮೂತ್ರ ಮೂರೂ ಸರಿಯಿದ್ದು ನೋವು ಮಾತ್ರ ಇದ್ದರೆ, ದೇಹ ಆ ರಕ್ತವನ್ನು ಕೆಲವು ವಾರಗಳಿಂದ ಒಂದೆರಡು ತಿಂಗಳ ಒಳಗೆ ತಾನೇ ಹೀರಿಕೊಳ್ಳುವುದು ಸಾಮಾನ್ಯ. ಕತ್ತರಿಸಿ ತೆಗೆಯಲು ಹೋದರೆ ಡ್ಯೂರಾವನ್ನೇ ತೆರೆಯಬೇಕಾಗುತ್ತದೆ, ಅದಕ್ಕೆ ಅದರದೇ ಅಪಾಯಗಳಿವೆ.

ತಲೆಯ ಲೆಕ್ಕವೂ ಹಾಗೆಯೇ. ಹೊಸ ಸಬ್‌ಡ್ಯೂರಲ್ ರಕ್ತ 10 ಮಿಲಿಮೀಟರಿಗಿಂತ ದಪ್ಪವಿದ್ದರೆ, ಅಥವಾ ಮಿದುಳಿನ ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ರೋಗಿ ಎಚ್ಚರವಾಗಿ ಮಾತನಾಡುತ್ತಿದ್ದರೂ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದು ನಾವು ಹಿಡಿದು ನಡೆಯುವ ಅಳತೆ. ನಿಮ್ಮ ತಮ್ಮನದು ಎರಡಕ್ಕೂ ಕೆಳಗಿದೆ.

ಕಾದು ನೋಡುವುದು ಎಂದರೆ ಸುಮ್ಮನೆ ಕೂರುವುದಲ್ಲ. ಮನೆಯಲ್ಲಿ ದಿನಕ್ಕೆ ಎರಡು ಸಲ ಅವನನ್ನು ಗೋಡೆಯ ಪಕ್ಕದಲ್ಲಿ ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಿನ ಮೇಲೆ ಹತ್ತು ಹೆಜ್ಜೆ ನಡೆಸಿ. ಹಿಮ್ಮಡಿಯ ಮೇಲೆ ನಿಂತಾಗ ಮುಂಗಾಲು ಬಡಕ್ಕನೆ ಕೆಳಗೆ ಬಿದ್ದರೆ ಎಲ್ 4, ಎಲ್ 5 ನರಗಳು ಸೋಲುತ್ತಿವೆ ಎಂದರ್ಥ. ತುದಿಗಾಲಿನ ಮೇಲೆ ಏಳಲಾಗದಿದ್ದರೆ ಎಸ್ 1. ಮೂತ್ರದ ಬಗ್ಗೆ ನಾಚಿಕೊಳ್ಳದೆ ಕೇಳಿ. ಗಂಟೆಗಟ್ಟಲೆ ಹೋಗಬೇಕೆನ್ನಿಸದಿರುವುದು, ಹೋದರೂ ಮುಕ್ಕಿದರೆ ಮಾತ್ರ ಬರುವುದು, ಅಥವಾ ಅರಿವಿಲ್ಲದೆ ತೊಟ್ಟಿಕ್ಕುವುದು, ಇವು ನೋವಿಗಿಂತ ದೊಡ್ಡ ಸೂಚನೆಗಳು. ಕುದುರೆಯ ಜೀನಿನ ಮೇಲೆ ಕುಳಿತಾಗ ತಾಗುವ ಭಾಗವೆಲ್ಲ, ಅಂದರೆ ಗುದದ ಸುತ್ತ ಮತ್ತು ತೊಡೆಯ ಸಂದು, ಜೋಮು ಹಿಡಿದಂತಿದ್ದರೂ ಹಾಗೆಯೇ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ನರಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಗೆ ಆ ರಾತ್ರಿಯೇ ಹೊರಡಿ. ತಲೆನೋವು ಮತ್ತೆ ಏರುವುದು, ಮಂಪರು, ಮಾತು ತೊದಲುವುದು, ಒಂದು ಕೈಯಲ್ಲಿ ಲೋಟ ಜಾರುವುದು ಕೂಡ ಇದೇ ಪಟ್ಟಿಗೆ ಸೇರುತ್ತವೆ, ಏಕೆಂದರೆ ಸಬ್‌ಡ್ಯೂರಲ್ ಕೆಲವರಲ್ಲಿ ವಾರಗಳ ನಂತರ ಮತ್ತೆ ಹಿಗ್ಗುತ್ತದೆ.

ಇನ್ನೆರಡು ವಿಷಯಗಳನ್ನು ನಿಮ್ಮ ವೈದ್ಯರಲ್ಲಿ ಕೇಳಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ಮಾಡಿದ್ದಾರೆಯೇ ಎಂಬುದು ಒಂದು. ಮಿದುಳಿನ ಪಕ್ಕದಲ್ಲಿ ಅರಾಕ್ನಾಯ್ಡ್ ಸಿಸ್ಟ್ ಎಂಬ ಹುಟ್ಟಿನಿಂದಲೇ ಇರುವ ನೀರಿನ ಗುಳ್ಳೆ ಏನಾದರೂ ಇದೆಯೇ ಎಂಬುದು ಇನ್ನೊಂದು. ಗುಳ್ಳೆಯಿರುವ ಹುಡುಗರಲ್ಲಿ ಆಟದ ಸಣ್ಣ ಪೆಟ್ಟಿಗೂ ಸಬ್‌ಡ್ಯೂರಲ್ ಆಗುವುದುಂಟು, ಮುಂದೆ ಆಡುವ ತೀರ್ಮಾನವೂ ಅದರಿಂದ ಬದಲಾಗುತ್ತದೆ.

ಕರಿಬಿಳಿ ಚಿತ್ರ ಬರೆದ ಉತ್ತರ:

ರೇಡಿಯಾಲಜಿಯವಳಾಗಿ ಒಂದು ಸಣ್ಣ ಸೇರ್ಪಡೆ. ಬೆನ್ನಿನ ಎಂ.ಆರ್.ಐ. ಅಡ್ಡಸೀಳಿನ ಚಿತ್ರದಲ್ಲಿ ಸಬ್‌ಡ್ಯೂರಲ್ ರಕ್ತ ಕೆಲವೊಮ್ಮೆ ಮೂರು ಹಾಲೆಗಳಾಗಿ ನಿಂತು, ಮರ್ಸಿಡಿಸ್ ಬೆಂಜ್ ಕಾರಿನ ಮೂರು ಮೊನೆಯ ಲಾಂಛನವನ್ನು ತಲೆಕೆಳಗಾಗಿಸಿದಂತೆ ಕಾಣುತ್ತದೆ. ನಾವು ಅದನ್ನು ಹಾಗೆಯೇ ಕರೆಯುತ್ತೇವೆ. ಆ ಗುರುತು ಸಿಕ್ಕರೆ ರಕ್ತ ಡ್ಯೂರಾದ ಒಳಗಿದೆ, ಹೊರಗಲ್ಲ ಎಂದು ಧೈರ್ಯವಾಗಿ ಹೇಳಬಹುದು. ಹೊರಗಿನ ಎಪಿಡ್ಯೂರಲ್ ರಕ್ತ ಸಾಮಾನ್ಯವಾಗಿ ಹಿಂಬದಿಯಿಂದ ಮಸೂರದ ಆಕಾರದಲ್ಲಿ ಉಬ್ಬಿ ಚೀಲವನ್ನು ಮುಂದಕ್ಕೆ ತಳ್ಳಿರುತ್ತದೆ. ನಿಮ್ಮ ವರದಿಯಲ್ಲಿ ಅಷ್ಟು ಸ್ಪಷ್ಟವಾಗಿ ಸಬ್‌ಡ್ಯೂರಲ್ ಎಂದು ಬರೆದಿರಬೇಕಾದರೆ ಅವರು ಇಂಥದ್ದೇನನ್ನೋ ನೋಡಿಯೇ ಬರೆದಿರುತ್ತಾರೆ.

ತಲೆಯ ಸಿ.ಟಿ. ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ಹೊಸ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ದಿನ ಕಳೆದಂತೆ ಮಂಕಾಗಿ, ಎರಡನೆಯ ವಾರದ ಆಸುಪಾಸಿನಲ್ಲಿ ಮಿದುಳಿನದೇ ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಎರಡೂ ಬದಿಯಲ್ಲಿ ಸಮನಾಗಿ ಬೂದಾಗಿರುವ ತೆಳು ಪದರವನ್ನು ಅವಸರದಲ್ಲಿ ನೋಡಿದರೆ ಕಣ್ಣು ತಪ್ಪಿಸಿಬಿಡುತ್ತದೆ. ಮುಂದಿನ ಸ್ಕ್ಯಾನಿಗೆ ಹೋಗುವಾಗ ಹಳೆಯ ಫಿಲಂ ಮತ್ತು ಸಿ.ಡಿ.ಗಳನ್ನು ತಪ್ಪದೆ ಒಯ್ಯಿರಿ. ಹಳೆಯದರ ಪಕ್ಕದಲ್ಲಿಟ್ಟು ನೋಡದೆ ಕಡಿಮೆಯಾಗಿದೆ ಎಂದು ಹೇಳುವುದು ನನ್ನ ಪ್ರಕಾರ ಊಹೆಯೇ.

ಶಾರ್ಟ್‌ಲೆಗ್ ಬರೆದ ಉತ್ತರ:

ನಾನು ವೈದ್ಯನಲ್ಲ, ಕ್ರಿಕೆಟ್ಟಿನ ಹಳೆಯ ಹುಚ್ಚ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸೊಂಟವಲ್ಲ, ಅವನು ದ್ವಿತೀಯಾರ್ಧವನ್ನೂ ಆಡಿದ ಎಂಬ ಮಾತು.

1998ರ ಫೆಬ್ರವರಿ 20ರಂದು ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಭಾರತದ ಆಟಗಾರ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನಿಗೆ ಅತಿ ಸಮೀಪದಲ್ಲಿ ಕ್ಷೇತ್ರರಕ್ಷಣೆಗೆ ನಿಂತಿದ್ದರು. ಚೆಂಡು ಅವರ ತಲೆಗೆ ಬಡಿದು ಎಷ್ಟು ಜೋರಾಗಿ ಹಾರಿತೆಂದರೆ ವಿಕೆಟ್ ಕೀಪರ್ ಅದನ್ನು ಹಿಡಿದು ಬ್ಯಾಟ್ಸ್‌ಮನ್ ಔಟಾದರು. ಲಾಂಬಾ ಎದ್ದು, ಪರವಾಗಿಲ್ಲವೆಂಬಂತೆ ಡ್ರೆಸಿಂಗ್ ಕೋಣೆಗೆ ನಡೆದುಹೋದರು. ಸ್ವಲ್ಪ ಹೊತ್ತಿನಲ್ಲೇ ಸ್ಥಿತಿ ಬಿಗಡಾಯಿಸಿ, ಫೆಬ್ರವರಿ 23ರಂದು ತೀರಿಕೊಂಡರು. ವಯಸ್ಸು 38. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿಯುವಾಗ ಬಿದ್ದು, ಮೊದಲು ವೈದ್ಯಕೀಯ ನೆರವು ಬೇಡವೆಂದು, ಎರಡು ದಿನಕ್ಕೆ ತೀರಿಕೊಂಡದ್ದೂ ಇದೇ ಬಗೆಯ ಸಾವು; ಅವರದು ಮೇಲೆ ನಿಧಾನಿ ಹೇಳಿದ, ಬುರುಡೆಗೂ ಡ್ಯೂರಾಕ್ಕೂ ನಡುವಿನ ರಕ್ತಸ್ರಾವ.

ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್ ಅವರ ಪ್ರಕರಣವನ್ನು ಜನ ಇದರ ಜೊತೆಗೇ ಸೇರಿಸಿ ಹೇಳುತ್ತಾರೆ, ಆದರೆ ಅದರ ದಾರಿ ಬೇರೆ. 2014ರ ನವೆಂಬರ್ 25ರಂದು ಸಿಡ್ನಿಯಲ್ಲಿ ಚೆಂಡು ಬಿದ್ದದ್ದು ಅವರ ಬುರುಡೆಗಲ್ಲ, ಹೆಲ್ಮೆಟ್ಟಿನ ಕೆಳಗೆ ಕತ್ತಿನ ಬದಿಗೆ. ಅಲ್ಲಿ ಬೆನ್ನುಮೂಳೆಯ ಪಕ್ಕದಲ್ಲೇ ಮೇಲೇರುವ ಅಪಧಮನಿ ಸೀಳಿ, ರಕ್ತ ಅರಾಕ್ನಾಯ್ಡಿನ ಒಳಗೆ ನುಗ್ಗಿತು. ಅವರು ಅಂಕಣದಲ್ಲೇ ಕುಸಿದರು, 27ರಂದು ತೀರಿಕೊಂಡರು. 26 ತುಂಬಲು ಮೂರು ದಿನ ಬಾಕಿಯಿತ್ತು. ಆಮೇಲೆ ಹೆಲ್ಮೆಟ್ಟಿಗೆ ಕತ್ತಿನ ರಕ್ಷೆ ಬಂತು, ಆಸ್ಟ್ರೇಲಿಯಾ ಅದನ್ನು 2023ರಲ್ಲಿ ವೇಗದ ಬೌಲಿಂಗ್ ಎದುರಿಸುವವರಿಗೆ ಕಡ್ಡಾಯ ಮಾಡಿತು.

ಬದುಕಿ ಉಳಿದವರ ಕಥೆಯೂ ಇದೆ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಭಾರತದ ನಾಯಕ ನರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ಬುರುಡೆ ಬಿರಿದಾಗ ತುರ್ತು ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಕೊಟ್ಟವರಲ್ಲಿ ಎದುರಾಳಿ ವೆಸ್ಟ್ ಇಂಡೀಸ್‌ನ ನಾಯಕ ಫ್ರಾಂಕ್ ವೊರೆಲ್ ಕೂಡ ಇದ್ದರು. ಕಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ, ಆದರೆ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಮರಳಿದರು. ತಲೆಯಲ್ಲಿ ಕೂರಿಸಿದ್ದ ಲೋಹದ ತಗಡನ್ನು 2022ರಲ್ಲಿ ಹೊರತೆಗೆದಾಗ ಅವರಿಗೆ 88 ವರ್ಷ.

ಕ್ರಿಕೆಟ್ಟಿನವರಿಗೆ ತಲೆಗೆ ಪೆಟ್ಟಾದವನ ಬದಲಿಗೆ ಪೂರ್ಣ ಪ್ರಮಾಣದ ಆಟಗಾರನನ್ನು ಇಳಿಸುವ ನಿಯಮ ತರಲು 2019ರವರೆಗೆ ಹಿಡಿಯಿತು. ಕಬಡ್ಡಿಯಲ್ಲಿ ಬದಲಿ ಆಟಗಾರರು ಮೊದಲಿನಿಂದಲೂ ಇದ್ದಾರೆ: ಅಂಕಣದಲ್ಲಿ ಏಳು ಜನ, ಬೆಂಚಿನಲ್ಲಿ ಐದು ಜನ. ಹೀಗಿದ್ದೂ ನಿಮ್ಮ ತಮ್ಮನನ್ನು ಮತ್ತೆ ಅಂಕಣಕ್ಕೆ ಬಿಟ್ಟ ಆ ರಾತ್ರಿಯ ತಂಡದವರ ಮೇಲೆ ನನಗೆ ಕೋಪವಿದೆ.

ಅಂಕಣದಂಚು ಬರೆದ ಉತ್ತರ:

ಶಾರ್ಟ್‌ಲೆಗ್ ಅವರ ಕೋಪ ಅರ್ಥವಾಗುತ್ತದೆ, ಆದರೆ ಊರಿನ ತಂಡದಲ್ಲಿ ಯಾರೂ ಯಾರನ್ನೂ ಬಿಡುವುದಿಲ್ಲ, ಹುಡುಗರು ತಾವೇ ನುಗ್ಗುತ್ತಾರೆ. ನಾನು ಫಿಸಿಯೊಥೆರಪಿಸ್ಟ್, ಕಾಲೇಜು ತಂಡಗಳ ಜೊತೆ ಇರುವವನು. ಪೆಟ್ಟು ತಿಂದ ರೈಡರ್ ಹೊರಗೆ ಕುಳಿತರೆ ಅಂಜಿದ ಎನ್ನುವ ಮಾತು ಎದುರಾಳಿಗಳಿಗಿಂತ ಮೊದಲು ಸ್ವಂತ ಊರಿನವರ ಬಾಯಲ್ಲೇ ಬರುತ್ತದೆ.

ಎಣ್ಣೆ ನೀವುವುದು, ಸೊಂಟ ಎಳೆಸುವುದು, ತುಳಿಸುವುದು, ನೆಟಿಗೆ ತೆಗೆಸುವುದು ಯಾವುದನ್ನೂ ಈಗ ಮಾಡಬೇಡಿ. ನೋವು ಮಾಂಸಖಂಡದ್ದಲ್ಲವಾದ್ದರಿಂದ ಅದರಿಂದ ಇಳಿಯುವುದೂ ಇಲ್ಲ. ವೈದ್ಯರು ಒಪ್ಪಿದರೆ ಮನೆಯೊಳಗೆ, ಅಂಗಳದಲ್ಲಿ ನಿಧಾನವಾಗಿ ನಡೆಯಲಿ; ಹಗಲೂ ರಾತ್ರಿ ಹಾಸಿಗೆಯಲ್ಲೇ ಇರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಭಾರ ಎತ್ತುವುದು, ಮುಕ್ಕುವುದು ಬೇಡ. ಮಲಬದ್ಧತೆ ಆಗದಂತೆ ನೀರು, ಸೊಪ್ಪು, ಹಣ್ಣು ನೋಡಿಕೊಳ್ಳಿ, ಮುಕ್ಕಿದಾಗಲೆಲ್ಲ ಸೊಂಟದ ನೋವು ಚಿಮ್ಮುತ್ತದೆ.

ಮತ್ತೆ ಆಡುವುದರ ಬಗ್ಗೆ ನೀವು ಕೇಳಲಿಲ್ಲ, ಆದರೆ ಅವನು ಕೇಳಿಯೇ ಕೇಳುತ್ತಾನೆ. ಬರಿಯ ಕನ್ಕಶನ್ ಆದವರಿಗೆ, ಅಂದರೆ ರಕ್ತಸ್ರಾವವಿಲ್ಲದೆ ಪೆಟ್ಟಿನಿಂದ ಮಿದುಳು ಅಲುಗಿದವರಿಗೆ, ಒಪ್ಪಿತವಾದ ಆರು ಮೆಟ್ಟಿಲುಗಳ ಕ್ರಮವಿದೆ. ದಿನನಿತ್ಯದ ಓಡಾಟದಿಂದ ಹಗುರ ವ್ಯಾಯಾಮಕ್ಕೆ, ಅಲ್ಲಿಂದ ಒಂಟಿ ಅಭ್ಯಾಸಕ್ಕೆ, ಮೈ ತಾಗದ ತಂಡದ ಅಭ್ಯಾಸಕ್ಕೆ, ಮೈ ತಾಗುವ ಅಭ್ಯಾಸಕ್ಕೆ, ಕೊನೆಗೆ ಪಂದ್ಯಕ್ಕೆ, ಪ್ರತಿ ಮೆಟ್ಟಿಲಿನ ನಡುವೆ ಕನಿಷ್ಠ ಒಂದು ದಿನ. ರಕ್ತಸ್ರಾವವಾದವನಿಗೆ ಆ ಲೆಕ್ಕ ಸಾಲುವುದಿಲ್ಲ. ಮೊದಲು ತಲೆ ಮತ್ತು ಬೆನ್ನು ಎರಡರ ರಕ್ತವೂ ಪೂರ್ತಿ ಹೋಗಿರುವುದು ಸ್ಕ್ಯಾನಿನಲ್ಲಿ ಕಾಣಬೇಕು, ಯಾವ ಮಾತ್ರೆಯೂ ಇಲ್ಲದೆ ಯಾವ ಲಕ್ಷಣವೂ ಇರಬಾರದು, ನರಶಸ್ತ್ರಚಿಕಿತ್ಸಕರು ಬರೆದುಕೊಡಬೇಕು. ಮೊದಲ ಮೆಟ್ಟಿಲು ಅಲ್ಲಿಂದ ಆಚೆಗೆ. ಆ ಒಪ್ಪಿಗೆ ಕೆಲವರಿಗೆ ಎಂದೂ ಸಿಗುವುದಿಲ್ಲ, ಕಬಡ್ಡಿಯಂಥ ಮೈಮೇಲೆ ಬೀಳುವ ಆಟದಲ್ಲಿ ವೈದ್ಯರು ಇನ್ನಷ್ಟು ಬಿಗಿಯಾಗಿರುತ್ತಾರೆ.

ಹೇಮಾವತಿ ತೀರ ಬರೆದ ಉತ್ತರ, ಮೂರು ತಿಂಗಳ ನಂತರ:

ಉತ್ತರಿಸಿದ ಎಲ್ಲರಿಗೂ ಋಣಿ. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡು ಬರೆಯುತ್ತಿದ್ದೇನೆ.

ನಿಧಾನಿ ಅವರ ಉತ್ತರವನ್ನು ಮುದ್ರಿಸಿಕೊಂಡು ಹೋಗಿ ವೈದ್ಯರ ಮುಂದಿಟ್ಟೆ. ಅವರು ನಕ್ಕು, ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಮೊದಲ ದಿನವೇ ಮಾಡಿದ್ದರ ಹಾಳೆಯನ್ನು ತೋರಿಸಿದರು, ಎಲ್ಲವೂ ಸರಿಯಿತ್ತು. ಸಿಸ್ಟ್ ಇರಲಿಲ್ಲ. ಸೊಂಟದ ನೋವು ಮೂರನೆಯ ವಾರದ ಕೊನೆಗೆ ಅರ್ಧಕ್ಕೆ ಇಳಿಯಿತು, ಐದನೆಯ ವಾರದಲ್ಲಿ ಅವನು ತಾನೇ ಬಗ್ಗಿ ಚಪ್ಪಲಿ ಹಾಕಿಕೊಂಡ. ಕಾಲಿನ ಬಲವಾಗಲಿ ಮೂತ್ರವಾಗಲಿ ಒಂದು ದಿನವೂ ತೊಂದರೆ ಕೊಡಲಿಲ್ಲ. ಎರಡನೆಯ ತಿಂಗಳು ತುಂಬಿದ ಮೇಲೆ ಮಾಡಿದ ಎಂ.ಆರ್.ಐ.ನಲ್ಲಿ ಬೆನ್ನಿನ ರಕ್ತ ಪೂರ್ತಿ ಹೋಗಿತ್ತು. ತಲೆಯಲ್ಲಿ ಬಲಬದಿಗೆ ಇನ್ನೂ ಒಂದು ಎಳೆಯಷ್ಟು ಉಳಿದಿತ್ತು, ಹೋದ ವಾರದ ಸ್ಕ್ಯಾನಿನಲ್ಲಿ ಅದೂ ಕಾಣಲಿಲ್ಲ. ಹಳೆಯ ಸಿ.ಡಿ.ಗಳನ್ನು ಒಯ್ದಿದ್ದೆವು. ಕರಿಬಿಳಿ ಚಿತ್ರ ಅವರ ಮಾತು ನಿಜವಾಯಿತು, ಅಲ್ಲಿನವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಹೇಳಿದರು. ಫಿಟ್ಸ್ ಮಾತ್ರೆಯನ್ನು ವೈದ್ಯರು ಅದಕ್ಕೂ ಮೊದಲೇ ನಿಲ್ಲಿಸಿದ್ದರು.

ಈ ವರ್ಷ ಅಂಕಣಕ್ಕೆ ಇಳಿಯುವಂತಿಲ್ಲ, ಮುಂದಿನ ವರ್ಷದ್ದನ್ನು ಮುಂದಿನ ವರ್ಷವೇ ಮಾತನಾಡೋಣ ಎಂದಿದ್ದಾರೆ. ಆ ದಿನ ಬಸ್ಸಿನಲ್ಲಿ ಅವನು ಊರು ಬರುವವರೆಗೂ ಮಾತನಾಡಲಿಲ್ಲ. ಈಗ ಅಂಕಪಟ್ಟಿ ಬರೆಯಲು ಹೋಗುತ್ತಿದ್ದಾನೆ. ತಂಡದವರು ಮ್ಯಾಟಿನ ಸುತ್ತ ಎರಡು ಮಾರು ಅಗಲಕ್ಕೆ ಭತ್ತದ ಹುಲ್ಲು ಹರಡಿ, ಅದರ ಮೇಲೆ ತಾಡಪಾಲು ಹಾಸಲು ತೊಡಗಿದ್ದಾರೆ.

ಹಿಮ್ಮಡಿಯ ಮೇಲೆ ನಡೆಸುವ ಪರೀಕ್ಷೆಯನ್ನು ಇನ್ನು ಮಾಡಬೇಕಿಲ್ಲ ಎಂದು ವೈದ್ಯರು ಹೇಳಿದ್ದರೂ ನಮ್ಮ ತಾಯಿ ಬಿಟ್ಟಿಲ್ಲ. ಬೆಳಿಗ್ಗೆ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಅವನನ್ನು ಅಡುಗೆಮನೆಯ ಬಾಗಿಲಿನಿಂದ ನಡುಮನೆಯ ಕಂಬದವರೆಗೆ ಹಿಮ್ಮಡಿಯ ಮೇಲೊಮ್ಮೆ, ತುದಿಗಾಲಿನ ಮೇಲೊಮ್ಮೆ ನಡೆಸಿಯೇ ಲೋಟ ಕೊಡುತ್ತಾರೆ.